ಮರಳುವ ಹಾದಿಯಲ್ಲಿ ನೆಟ್ಟ ಕಂಬ

ಮಲ್ಪೆ ಬಂದರಿನಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿರುವ ಸೇಂಟ್ ಮೇರೀಸ್ ದ್ವೀಪದ ಬಗ್ಗೆ ಕೇಳಿದರೆ ಉಡುಪಿ ಕಡೆಯವರು ಸಾಮಾನ್ಯವಾಗಿ ಎರಡು ಸಂಗತಿ ಹೇಳುತ್ತಾರೆ. ಒಂದು, ಅಲ್ಲಿಯ ಕಲ್ಲುಗಳು ಯಾರೋ ಕಡೆದು ಸಾಲಾಗಿ ನಿಲ್ಲಿಸಿದ ಕಂಬಗಳ ಹಾಗಿವೆ. ಇನ್ನೊಂದು, ವಾಸ್ಕೋ ಡ ಗಾಮ ಭಾರತಕ್ಕೆ ಬಂದಾಗ ಮೊದಲು ಕಾಲಿಟ್ಟದ್ದು ಇಲ್ಲಿ, ಕಲ್ಲಿಕೋಟೆಗೆ ಹೋದದ್ದು ಆಮೇಲೆ. ಮೊದಲನೆಯದನ್ನು ಯಾರು ಬೇಕಾದರೂ ಹೋಗಿ ನೋಡಿ ಬರಬಹುದು. ಎರಡನೆಯದು ಪ್ರವಾಸಿ ಬರಹಗಳಲ್ಲಿ ಒಬ್ಬರಿಂದೊಬ್ಬರಿಗೆ ದಾಟುತ್ತಾ ಬಂದ ಮಾತು. ಗಾಮನ ಜೊತೆಗಿದ್ದವನೇ ಬರೆದಿಟ್ಟ ದಿನಚರಿಯನ್ನು ಓದಿದರೆ ಆ ಮಾತು ನಿಲ್ಲುವುದಿಲ್ಲ.

ಮೊದಲ ಪಯಣದ ಈ ದಿನಚರಿಯನ್ನು ಬರೆದವನು ತನ್ನ ಹೆಸರನ್ನು ಎಲ್ಲೂ ಹೇಳಿಕೊಂಡಿಲ್ಲ. ಅಲ್ವಾರೊ ವೆಲ್ಯೊ ಎಂಬ ನಾವಿಕ ಇರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಅದು ಪೋರ್ಚುಗಲ್ಲಿನಲ್ಲಿ ಅಚ್ಚಾದದ್ದು 1838ರಲ್ಲಿ, ರಾವೆನ್‌ಸ್ಟೈನ್ ಮಾಡಿದ ಇಂಗ್ಲಿಷ್ ಅನುವಾದ ಬಂದದ್ದು 1898ರಲ್ಲಿ. ನಾನು ಓದಿದ್ದು ಈ ಅನುವಾದವನ್ನು. ಅಲ್ಲಿ ತಾರೀಖುಗಳು ಸ್ಪಷ್ಟವಾಗಿವೆ. ಗಾಮನ ಹಡಗುಗಳು ಲಿಸ್ಬನ್ ಬಿಟ್ಟದ್ದು 1497ರ ಜುಲೈ 8ರಂದು. ಆಫ್ರಿಕಾದ ಪೂರ್ವ ತೀರದ ಮಾಲಿಂದಿಯಲ್ಲಿ ಅಲ್ಲಿನ ದೊರೆ ಕೊಟ್ಟ ಮಾರ್ಗದರ್ಶಿಯನ್ನು ಹತ್ತಿಸಿಕೊಂಡು ಅವು ನೇರವಾಗಿ ಮಲಬಾರಿನತ್ತ ನಡೆದವು; 1498ರ ಮೇ 20ರಂದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದವು. ಆಗ ಮಲ್ಪೆಯ ಸುದ್ದಿಯೇ ಇಲ್ಲ. ಹಡಗುಗಳು ನಮ್ಮ ಕಡಲಿಗೆ ಬರುವುದು ನಾಲ್ಕು ತಿಂಗಳ ಬಳಿಕ, ಸೆಪ್ಟೆಂಬರ್ 15ರಂದು. ಅದು ಊರಿಗೆ ಮರಳುವ ಹಾದಿ.

ಈ ನಾಲ್ಕು ತಿಂಗಳಲ್ಲಿ ನಡೆದದ್ದನ್ನು ನೆನಪಿಟ್ಟುಕೊಂಡರೆ ದ್ವೀಪದ ಕಥೆಗೆ ಬೇರೆಯದೇ ಅರ್ಥ ಬರುತ್ತದೆ. ಕಲ್ಲಿಕೋಟೆಯ ಸಾಮೂದಿರಿಗೆ ಗಾಮ ತಂದ ಕಾಣಿಕೆಗಳು ಬಟ್ಟೆ, ಟೋಪಿ, ಹವಳ, ಕೈತೊಳೆಯುವ ಬೋಗುಣಿ, ಸಕ್ಕರೆ, ಎಣ್ಣೆ, ಜೇನು. ಅವನ್ನು ಕಂಡು ಅರಮನೆಯ ಅಧಿಕಾರಿಗಳು ನಕ್ಕರು, ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಎಂದರು ಎಂದು ದಿನಚರಿಯೇ ಒಪ್ಪಿಕೊಳ್ಳುತ್ತದೆ. ವ್ಯಾಪಾರ ಕುದುರಲಿಲ್ಲ. ಸುಂಕದ ಜಗಳ ಬಂತು. ಅವನ ಜನರನ್ನು ದಡದಲ್ಲಿ ತಡೆದಿಟ್ಟರು, ಅವನು ಹಡಗಿಗೆ ಬಂದವರನ್ನು ಹಿಡಿದಿಟ್ಟುಕೊಂಡ. ಕೊನೆಗೆ ಆಗಸ್ಟ್ 29ರಂದು ಲಂಗರು ಎತ್ತಿದಾಗ ಹಿಡಿದವರಲ್ಲಿ ಕೆಲವರನ್ನು ಬಿಡದೆ ಕರೆದೊಯ್ದ. ಹೊರಡುವ ಹೊತ್ತಿಗೆ ಗಾಳಿಯೂ ಕೈಕೊಟ್ಟಿತ್ತು. ನೈಋತ್ಯದ ಮಳೆಗಾಳಿ ಸೋತಿತ್ತು, ಆಫ್ರಿಕಾದತ್ತ ಒಯ್ಯುವ ಈಶಾನ್ಯದ ಗಾಳಿ ಇನ್ನೂ ಹುಟ್ಟಿರಲಿಲ್ಲ. ಹಡಗುಗಳು ರಾತ್ರಿಯ ನೆಲಗಾಳಿ, ಹಗಲಿನ ಕಡಲಗಾಳಿ ಹಿಡಿದು ಕರಾವಳಿಗುಂಟ ಬಡಗಣಕ್ಕೆ ತೆವಳಿದವು. ಕಲ್ಲಿಕೋಟೆಯಿಂದ ಮಲ್ಪೆಗೆ ಬರಲು ಎರಡು ವಾರ ದಾಟಿತು.

ಸೆಪ್ಟೆಂಬರ್ 15, ಶನಿವಾರ. ದಡದಿಂದ ತುಸು ದೂರದಲ್ಲಿ ಕೆಲವು ಕಿರುದ್ವೀಪಗಳು ಕಂಡವು. ಒಂದು ದೋಣಿ ಇಳಿಸಿ ಅವುಗಳಲ್ಲೊಂದರ ಮೇಲೆ ಕಲ್ಲಿನ ಕಂಬ ನೆಟ್ಟರು. ಅದಕ್ಕೆ ಸಾಂತಾ ಮರಿಯಾ ಎಂಬ ಹೆಸರು. ದಿನಚರಿ ಹೇಳುವುದು ಇಷ್ಟು. ಗಾಮ ಸ್ವತಃ ದೋಣಿಯಲ್ಲಿ ಹೋಗಿ ಇಳಿದನೆಂದು ಅದು ಬಿಡಿಸಿ ಹೇಳುವುದಿಲ್ಲ. ಆ ಹೆಸರು ಕಡಲ ನಕಾಶೆಗಳಲ್ಲಿ ಉಳಿದುಬಂದದ್ದರಿಂದಲೇ ಅದು ಮಲ್ಪೆಯೆದುರಿನ ದ್ವೀಪ ಎಂದು ರಾವೆನ್‌ಸ್ಟೈನ್ ಗುರುತಿಸಿದ.

ನಮ್ಮಲ್ಲಿ ಕೆಲವರು ಅದನ್ನು ಶಿಲುಬೆ ಎನ್ನುತ್ತಾರೆ. ಪೋರ್ಚುಗೀಸರು ಅದನ್ನು ಕರೆಯುತ್ತಿದ್ದದ್ದು ಪದ್ರಾಂವ್ ಎಂದು. ಅದು ಊರಿನಲ್ಲೇ ಕೆತ್ತಿಸಿ ಹಡಗಿನಲ್ಲಿ ಹೇರಿಕೊಂಡು ಬರುತ್ತಿದ್ದ ಕಲ್ಲುಕಂಬ. ತುದಿಯಲ್ಲಿ ಶಿಲುಬೆ ಇರುತ್ತಿತ್ತು ನಿಜ, ಅದರ ಜೊತೆಗೆ ಪೋರ್ಚುಗಲ್ ರಾಜನ ಲಾಂಛನವೂ ಇರುತ್ತಿತ್ತು. ಈ ಜಾಗವನ್ನು ಮೊದಲು ಕಂಡವರು ನಾವು, ಇದರ ಮೇಲೆ ನಮ್ಮ ದೊರೆಯ ಹಕ್ಕಿದೆ ಎಂದು ಮುಂದೆ ಬರುವ ಯುರೋಪಿನ ಹಡಗುಗಳಿಗೆ ಸಾರುವ ಗುರುತು ಅದು. ನಮ್ಮ ಕಡೆ ಗಡಿಯಲ್ಲಿ ಕಲ್ಲು ಹಾಕಿದ ಹಾಗೆ. ರಾಜನು ಮೂರು ಹೆಸರಿನ ಕಂಬಗಳನ್ನು ನೆಡಲು ಹೇಳಿದ್ದನೆಂದು ದಿನಚರಿಕಾರ ಬರೆಯುತ್ತಾನೆ: ಆಫ್ರಿಕಾದ ನದಿಯೊಂದರ ಬಳಿ ಸಾಂವ್ ರಫಾಯೆಲ್, ಕಲ್ಲಿಕೋಟೆಯಲ್ಲಿ ಸಾಂವ್ ಗಾಬ್ರಿಯೆಲ್, ಕೊನೆಯದು ಸಾಂತಾ ಮರಿಯಾ. ಮಲ್ಪೆಯೆದುರು ನೆಟ್ಟದ್ದು ಹಡಗಿನಲ್ಲಿ ಉಳಿದಿದ್ದ ಆ ಕೊನೆಯ ಕಂಬ.

ಜನ ವಾಸವಿಲ್ಲದ, ಕುಡಿಯುವ ನೀರಿಲ್ಲದ ಬಂಡೆಯೊಂದನ್ನು ಅದಕ್ಕೆ ಆರಿಸಿದ್ದೇಕೆ? ದಿನಚರಿ ಕಾರಣ ಕೊಡುವುದಿಲ್ಲ. ಅದೇ ಪಯಣದ ಇನ್ನೊಂದು ಪ್ರಸಂಗ ಈ ಪ್ರಶ್ನೆಗೆ ಬೆಳಕು ಕೊಡುತ್ತದೆ ಎಂದು ನನಗೆ ಅನಿಸುತ್ತದೆ. 1497ರ ಡಿಸೆಂಬರಿನಲ್ಲಿ ಆಫ್ರಿಕಾದ ದಕ್ಷಿಣ ತುದಿಯ ಬಳಿ, ಇಂದಿನ ಮೊಸೆಲ್ ಕೊಲ್ಲಿಯಲ್ಲಿ, ಗಾಮನ ಜನ ಒಂದು ಕಂಬವನ್ನೂ ಮರದ ಶಿಲುಬೆಯನ್ನೂ ನೆಟ್ಟಿದ್ದರು. ಮರುದಿನ ಹಾಯಿ ಬಿಚ್ಚುವಾಗ ಹತ್ತು ಹನ್ನೆರಡು ಮಂದಿ ಸ್ಥಳೀಯರು ಬಂದು ಎರಡನ್ನೂ ಉರುಳಿಸಿದ್ದನ್ನು ಹಡಗಿನ ಮೇಲಿಂದ ಕಂಡರು. ಕಲ್ಲಿಕೋಟೆಯಲ್ಲಿ ಜಗಳವಾಡಿ ಹೊರಟವರಿಗೆ ತುಳುನಾಡಿನ ದಡದಲ್ಲಿ ಕಲ್ಲು ನೆಡುವುದು ಸುಲಭವಿರಲಿಲ್ಲ. ಆಗ ಈ ಕರಾವಳಿ ವಿಜಯನಗರದ್ದು. ಬಾರಕೂರು, ಮಂಗಳೂರು ಎಂಬ ಎರಡು ರಾಜ್ಯಗಳಾಗಿ ಅಧಿಕಾರಿಗಳ ಆಡಳಿತದಲ್ಲಿತ್ತು. ಮೂರು ಹಡಗಿನ, ದಣಿದ, ರೋಗ ಬಡಿದ ಸಿಬ್ಬಂದಿಗೆ ಯಾರ ಅಡ್ಡಿಯೂ ಇಲ್ಲದೆ ಕಲ್ಲು ನೆಡಬಹುದಾದ ಜಾಗವೆಂದರೆ ಯಾರೂ ಇಲ್ಲದ ದ್ವೀಪ.

ಆದರೆ ಕಡಲು ನಿರ್ಜನವಾಗಿರಲಿಲ್ಲ. ಮೀನು ತುಂಬಿದ ಹಲವು ದೋಣಿಗಳು ಹಡಗಿನ ಬಳಿ ಬಂದವಂತೆ. ಗಾಮ ಆ ಮೀನುಗಾರರಿಗೆ ಅಂಗಿಗಳನ್ನು ಕೊಟ್ಟು ಖುಷಿಪಡಿಸಿದ. ದ್ವೀಪದ ಮೇಲೆ ಕಂಬ ನೆಟ್ಟರೆ ನಿಮಗೆ ಸಂತೋಷವೇ ಎಂದು ಕೇಳಿದ. ಬಹಳ ಸಂತೋಷ, ಅದರಿಂದ ನೀವೂ ನಮ್ಮ ಹಾಗೆ ಕ್ರೈಸ್ತರೆಂಬುದು ಖಚಿತವಾಗುತ್ತದೆ ಎಂದು ಅವರು ಉತ್ತರಿಸಿದರು. ಹೀಗೆ ಕಂಬ ಸ್ನೇಹದಿಂದ ನೆಲೆಯಾಯಿತು ಎಂದು ದಿನಚರಿಕಾರ ತೃಪ್ತಿಯಿಂದ ಬರೆಯುತ್ತಾನೆ.

ಈ ನಾಲ್ಕೈದು ಸಾಲುಗಳನ್ನು ನಾನು ಹಲವು ಸಲ ಓದಿದ್ದೇನೆ. ಸೆಪ್ಟೆಂಬರ್ 15 ಎಂದರೆ ಆಗಿನ ಜೂಲಿಯನ್ ಪಂಚಾಂಗದ ಲೆಕ್ಕ. ಇಂದಿನ ಲೆಕ್ಕದಲ್ಲಿ ಸೆಪ್ಟೆಂಬರ್ 24. ನೂಲ ಹುಣ್ಣಿಮೆಯ ಹೊತ್ತಿಗೆ ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ, ಮಳೆಗಾಲದ ಬಿಡುವು ಮುಗಿಸಿ ಮತ್ತೆ ದೋಣಿ ಇಳಿಸುವುದು ನಮ್ಮ ಕರಾವಳಿಯ ವಾಡಿಕೆ. ಅದಾದ ಬಳಿಕ ಕಡಲು ತಣಿದು ಮೀನು ಹೇರಳವಾಗಿ ಸಿಗುವ ದಿನಗಳಲ್ಲಿ ಗಾಮನ ಹಡಗುಗಳು ಹಾದುಹೋಗಿವೆ. ಅಷ್ಟೊಂದು ದೋಣಿಗಳು ಅಲ್ಲಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಅವರು ದಿನವೂ ಕೆಲಸ ಮಾಡುವ ಜಾಗ ಅದು. ಮೀನು ಮಾರಲು ಗಿರಾಕಿ ಸಿಕ್ಕಿದ, ಬಂದರು.

ಆದರೆ ಅವರು ಆಡಿದರೆನ್ನಲಾದ ಮಾತು? ಪೋರ್ಚುಗೀಸರಿಗೆ ಈ ಕಡೆಯ ಭಾಷೆ ಬಾರದು. ಕಲ್ಲಿಕೋಟೆಯಲ್ಲೇ ಅವರ ವ್ಯವಹಾರ ಅರಬ್ಬಿ ಬಲ್ಲವರ ಮೂಲಕ ನಡೆದಿತ್ತು. ಅಲ್ಲಿ ಅವರು ದೇವಸ್ಥಾನವೊಂದನ್ನು ಇಗರ್ಜಿಯೆಂದು ತಿಳಿದು ಕೈಮುಗಿದಿದ್ದರು. ಮುಸಲ್ಮಾನರಲ್ಲದ ಇಲ್ಲಿನವರೆಲ್ಲ ಒಂದು ಬಗೆಯ ಕ್ರೈಸ್ತರು ಎಂಬ ನಂಬಿಕೆ ಹೊತ್ತೇ ಊರಿಗೆ ಮರಳಿದರು. ಮಲ್ಪೆಯ ಕಡಲಿನಲ್ಲಿ ತುಳು ಮಾತಾಡುವ ಮೀನುಗಾರ ಏನು ಹೇಳಿದನೋ, ತಲೆಯಾಡಿಸಿದ್ದನ್ನು ಇವರು ಏನೆಂದು ತಿಳಿದರೋ, ಕಾಗದದ ಮೇಲೆ ಉಳಿದದ್ದು ಇವರು ಕೇಳಬಯಸಿದ್ದ ಉತ್ತರ. ಒಂದು ಅಂಗಿ ಇಸಿದುಕೊಂಡದ್ದು ರಾಜನ ಹಕ್ಕಿನ ಕಲ್ಲಿಗೆ ಕೊಟ್ಟ ಒಪ್ಪಿಗೆಯಾಗಿ ಚರಿತ್ರೆಗೆ ಸೇರಿತು.

ಕಂಬ ನೆಟ್ಟು ಮುಂದೆ ಹೋದವರು ಕಾರವಾರದ ಬಳಿಯ ಅಂಜದೀವ್ ದ್ವೀಪದಲ್ಲಿ ತಂಗಿ, ನೀರು ತುಂಬಿಸಿಕೊಂಡು, ಹಡಗುಗಳನ್ನು ಸರಿಪಡಿಸಿಕೊಂಡು ಅಕ್ಟೋಬರ್ 5ರಂದು ಹೊರಟರು. ಅವಸರ ಮಾಡಿದರು. ಗಾಳಿ ಪಕ್ವವಾಗುವವರೆಗೆ ಕಾಯುವುದು ಈ ಕಡಲಿನ ವ್ಯಾಪಾರಿಗಳಿಗೆ ಗೊತ್ತಿತ್ತು. ಬರುವಾಗ ಮಾರ್ಗದರ್ಶಿಯ ನೆರವಿನಿಂದ ಮೂರು ವಾರ ಚಿಲ್ಲರೆಯಲ್ಲಿ ದಾಟಿದ್ದ ಸಮುದ್ರವನ್ನು ಹೋಗುವಾಗ ದಾಟಲು ಹತ್ತಿರಹತ್ತಿರ ಮೂರು ತಿಂಗಳು ಬೇಕಾಯಿತು. ವಸಡು ಊದಿ ಕೊಳೆಯುವ ಸ್ಕರ್ವಿ ರೋಗದಿಂದ 30 ಮಂದಿ ಸತ್ತರು. ಕೊನೆಗೆ ಒಂದೊಂದು ಹಡಗನ್ನು ನಡೆಸಲು ಏಳೆಂಟು ಜನ ಮಾತ್ರ ಉಳಿದಿದ್ದರೆಂದು ದಿನಚರಿ ಹೇಳುತ್ತದೆ.

ಅಂಗಿ ಕೊಟ್ಟವನೇ ನಾಲ್ಕು ವರ್ಷದ ಬಳಿಕ, 1502ರಲ್ಲಿ, ದೊಡ್ಡ ಯುದ್ಧನೌಕಾಪಡೆಯೊಂದಿಗೆ ಮತ್ತೆ ಈ ಕಡಲಿಗೆ ಬಂದ. ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು ಮಲಬಾರಿನ ಕಡಲಿನಲ್ಲಿ ತಡೆದು, ಸೂರೆ ಮಾಡಿ, ಹೆಂಗಸರು ಮಕ್ಕಳ ಸಮೇತ ಸುಡಿಸಿದ. ಅದನ್ನು ಬರೆದಿಟ್ಟವನೂ ಆ ಪಡೆಯಲ್ಲಿದ್ದ ತೊಮೆ ಲೋಪಿಶ್ ಎಂಬ ಪೋರ್ಚುಗೀಸನೇ. ಮುಂದೆ ಕಾರ್ತಾಜ್ ಎಂಬ ರಹದಾರಿ ಚೀಟಿ ಬಂತು. ಅದಿಲ್ಲದ ಹಡಗು ಸಿಕ್ಕಿದರೆ ಮುಟ್ಟುಗೋಲು. ನೂರಾರು ವರ್ಷ ಯಾರ ಅಪ್ಪಣೆಯೂ ಇಲ್ಲದೆ ಓಡಾಡಿದ ಕಡಲಿನಲ್ಲಿ ಓಡಾಡಲು ಹಣ ಕೊಟ್ಟು ಚೀಟಿ ಪಡೆಯಬೇಕಾಯಿತು. 1569ರಲ್ಲಿ ಹೊನ್ನಾವರ, ಬಸರೂರುಗಳು ಪೋರ್ಚುಗೀಸರ ಕೈಸೇರಿದವು. ಬಸರೂರಿನ ಅಕ್ಕಿ ಗೋವೆಯ ಅನ್ನವಾಯಿತು. ಅವರ ಕೋಟೆಗಳನ್ನು ಕೆಳದಿಯ ಶಿವಪ್ಪ ನಾಯಕ ಕಿತ್ತುಕೊಂಡದ್ದು 1650ರ ದಶಕದಲ್ಲಿ.

ಕೆಳದಿಯವರ ಗುರುತೂ ಈ ದ್ವೀಪಗಳ ಸಾಲಿನಲ್ಲಿದೆ. ಮಲ್ಪೆಗೆ ತೀರ ಹತ್ತಿರದ ದರಿಯಾ ಬಹಾದ್ದೂರ್‌ಗಡದಲ್ಲಿ ಬಿದನೂರಿನ ಬಸಪ್ಪ ನಾಯಕ ಕೋಟೆ ಕಟ್ಟಿಸಿದನೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ದಾಖಲಿಸುತ್ತದೆ. ಉದ್ಯಾವರ ಹೊಳೆಯ ಬಾಯಿಯನ್ನೂ ಬಂದರನ್ನೂ ಕಾಯಲು ತಕ್ಕ ಜಾಗ ಅದು. ಗಾಮ ಇಲ್ಲಿ ಶಿಲುಬೆ ನೆಟ್ಟ ಮಾತನ್ನು ನಮ್ಮವರಿಗೆ ಉರು ಹೊಡೆಸಿದ್ದೂ ಇಂಥ ಗೆಜೆಟಿಯರುಗಳೇ. ಅವು 1498 ಎಂಬ ವರ್ಷ ಕೊಟ್ಟವು. ಮೇ ತಿಂಗಳೋ ಸೆಪ್ಟೆಂಬರೋ ಎಂಬ ಪ್ರಶ್ನೆ ಓದುವವರಿಗೆ ಬರಲಿಲ್ಲ. 1498 ಎಂದರೆ ಆಗಮನ ಎಂದೇ ಶಾಲೆಯಲ್ಲಿ ಕಲಿತವರು ದ್ವೀಪವನ್ನೂ ಆಗಮನದ ಕಥೆಗೆ ಸೇರಿಸಿಬಿಟ್ಟರು.

ಗಾಮನ ಕಲ್ಲು ಇಂದು ಅಲ್ಲಿ ನೋಡಲು ಸಿಗುವುದಿಲ್ಲ. ಅಲ್ಲಿ ನಿಂತಿರುವುದು ಬೇರೆ ಕಂಬಗಳು. ಸುಮಾರು 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ನೆಲದ ಬಿರುಕಿನಿಂದ ಉಕ್ಕಿದ ಲಾವಾ ತಣಿದು ಆದ ಶಿಲೆ ಇದು. ಬತ್ತಿದ ಕೆರೆಯ ಕೆಸರು ಒಣಗಿ ಕುಗ್ಗುವಾಗ ಬಿರುಕು ಬಿಟ್ಟು ಹೋಳುಹೋಳಾಗುವುದಲ್ಲ, ಹಾಗೆಯೇ ಈ ಲಾವಾ ಕುಗ್ಗುವಾಗ ಐದಾರು ಮುಖದ ಹೋಳುಗಳಾಗಿ ಸೀಳಿತು. ತಣಿಯುತ್ತ ಹೋದಂತೆ ಬಿರುಕುಗಳು ಆಳಕ್ಕಿಳಿದು ಕಂಬಗಳಾದವು. ಕೆಲವು 6 ಮೀಟರ್ ಎತ್ತರ ಇವೆ. ಹಲವರು ಇದನ್ನು ಬಸಾಲ್ಟ್ ಎನ್ನುತ್ತಾರೆ. ಭೂವಿಜ್ಞಾನಿಗಳ ಪ್ರಕಾರ ಇದು ಸಿಲಿಕಾ ಹೆಚ್ಚಿರುವ ರಯೊಲೈಟ್, ಡೇಸೈಟ್ ಜಾತಿಯ ಶಿಲೆ. ಅದೇ ಕಾಲದ ಅಂಥ ಶಿಲೆಗಳು ಮಡಗಾಸ್ಕರಿನಲ್ಲೂ ಇವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ದ್ವೀಪದ ಎತ್ತರದ ಕಲ್ಲಿನ ಮೇಲೆ ನಿಂತು ಮೂಡಣಕ್ಕೆ ನೋಡಿದರೆ ತೆಂಗಿನ ಹಸಿರು ಗೆರೆ ಕಾಣುತ್ತದೆ, ತಿಳಿಯಾದ ದಿನಗಳಲ್ಲಿ ಅದರ ಹಿಂದೆ ಘಟ್ಟದ ನೀಲಿ. ಎದುರಿಗೆ ಮಲ್ಪೆ, ವಡಭಾಂಡೇಶ್ವರ. ಬಡಗಣಕ್ಕೆ ಸ್ವರ್ಣಾ, ಸೀತಾ ಹೊಳೆಗಳು ಕಡಲು ಸೇರುವ ಕೋಡಿ ಬೆಂಗ್ರೆ, ಅದರ ಈಚೆಗೆ ತೋನ್ಸೆ. ಗಾಮ ಬರುವ ಇನ್ನೂರು ವರ್ಷಕ್ಕೂ ಹಿಂದೆ, ದ್ವಾರಕೆಯ ಕಡೆಯಿಂದ ಬಂದು ಬಿರುಗಾಳಿಗೆ ಸಿಕ್ಕಿದ ಹಡಗನ್ನು ಮಧ್ವಾಚಾರ್ಯರು ಇದೇ ದಡದಲ್ಲಿ ನಿಂತು ಪಾರುಮಾಡಿದರು, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣ ಸಿಕ್ಕಿದ ಎಂಬುದು ಸಂಪ್ರದಾಯದ ಕಥೆ. ಭಕ್ತಿಯ ಮಾತು ಹಾಗಿರಲಿ, ಗುಜರಾತಿನ ಹಡಗು ಸರಕು ಹೇರಿಕೊಂಡು ಮಲ್ಪೆಯ ಕಡಲಿನಲ್ಲಿ ಬರುವುದು ಆ ಕಥೆ ಹೇಳಿದವರಿಗೂ ಕೇಳಿದವರಿಗೂ ಸಹಜವಾದ ಸಂಗತಿಯಾಗಿತ್ತು. ಗಾಮ ಕಂಡುಹಿಡಿದ ಕಡಲಲ್ಲ ಇದು, ಅವನು ಬಂದು ಸೇರಿಕೊಂಡ ಕಡಲು.

ದ್ವೀಪಕ್ಕೆ ಊರಿನವರದೇ ಒಂದು ಹೆಸರೂ ಇದೆ: ತೋನ್ಸೆಪಾರ್. ಎದುರಿನ ಊರನ್ನು ನೆನೆದು ಬಂಡೆಯನ್ನು ಗುರುತಿಸುವ ಹೆಸರು. ದೋಣಿಯಲ್ಲಿ ಕುಳಿತವನಿಗೆ ತಾನೆಲ್ಲಿದ್ದೇನೆ, ಯಾವ ದಡ ಹತ್ತಿರ ಎಂದು ಹೇಳುವ ಹೆಸರು. ಸಾಂತಾ ಮರಿಯಾ ಎಂಬುದು ಲಿಸ್ಬನ್ನಿನಿಂದಲೇ ಹೊರಟ ಹೆಸರು. ಕಲ್ಲು ಎಲ್ಲಿ ಊರಿದರೂ ಅದೇ ಹೆಸರಾಗುತ್ತಿತ್ತು. ನಕಾಶೆಗೆ ಹೋದದ್ದು ಅದು. ಈಗ ಅದನ್ನು ತೆಗೆದುಹಾಕಬೇಕೆಂದು ನಾನು ಹೇಳುತ್ತಿಲ್ಲ. 500 ವರ್ಷ ಬಾಳಿದ ಹೆಸರೂ ಚರಿತ್ರೆಯೇ.

ಆದರೆ ಮಲ್ಪೆಯಲ್ಲಿ ದೋಣಿ ಹತ್ತುವ ಮಕ್ಕಳಿಗೆ ಕಥೆ ಹೇಳುವಾಗ ತಾರೀಖನ್ನು ಸರಿಯಾಗಿ ಹೇಳೋಣ. ಗಾಮ ಇಲ್ಲಿಗೆ ಮೊದಲು ಬರಲಿಲ್ಲ, ಹೋಗುವಾಗ ಬಂದ. ಕಲ್ಲಿಕೋಟೆಯಲ್ಲಿ ಮುಖಭಂಗವಾಗಿ, ಗಾಳಿಯಿಲ್ಲದ ಕಡಲಿನಲ್ಲಿ ತೆವಳುತ್ತಾ ಬಂದ. ಅವನ ಹಡಗು ಕಣ್ಣಿಗೆ ಬಿದ್ದಾಗ ಅಲ್ಲಿ ಬಲೆ ಬೀಸುತ್ತಿದ್ದವರಿದ್ದರು, ಅವನು ಅವರ ಮೀನು ಪಡೆದ. ದಿನಚರಿಕಾರ ಕಂಬದ ಹೆಸರನ್ನು ಬರೆದಿಟ್ಟ, ಆ ದೋಣಿಗಳಲ್ಲಿದ್ದ ಒಬ್ಬನ ಹೆಸರನ್ನೂ ಬರೆಯಲಿಲ್ಲ.