ಅರ್ಧ ಅಂಕದ ಎರಡು ಬೆಲೆ

ಚದುರಂಗದಲ್ಲಿ ಯಾರೂ ಗೆಲ್ಲದೆ ಆಟ ಮುಗಿದರೆ ಅದನ್ನು ಡ್ರಾ ಎನ್ನುತ್ತಾರೆ. ಆಗ ಇಬ್ಬರಿಗೂ ತಲಾ ಅರ್ಧ ಅಂಕ ಸಲ್ಲುವುದು ಇಂದು ಸಹಜವೆನಿಸಿದರೂ, ಆ ಅರ್ಧ ಅಂಕಕ್ಕೆ ಮಾನ್ಯತೆ ದೊರೆತದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿಯೆನಿಸಿದ 1851ರ ಲಂಡನ್ ಕೂಟದಲ್ಲಿ ಡ್ರಾ ಆದ ಆಟವನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಆಡಿಸುತ್ತಿದ್ದರು. 1867ರಲ್ಲಿ ಪ್ಯಾರಿಸ್ಸಿನ ಪಂದ್ಯಾವಳಿ ಡ್ರಾ ಮಾಡಿಕೊಂಡ ಇಬ್ಬರಿಗೂ ಸೊನ್ನೆ ಕೊಟ್ಟರೆ, ಅದೇ ವರ್ಷ ಸ್ಕಾಟ್ಲೆಂಡಿನ ಡಂಡೀಯಲ್ಲಿ ಇಬ್ಬರಿಗೂ ಅರ್ಧ ಅಂಕ ಸಂದಿತು; ಮುಂದೆ ನೆಲೆನಿಂತದ್ದು ಡಂಡೀಯ ಪದ್ಧತಿಯೇ. ಆದರೆ ವಿಶ್ವ ಪಟ್ಟದ ಕಾದಾಟಗಳಲ್ಲಿ ಹಳೆಯ ನಿಲುವು ಬೇಗ ಅಳಿಯಲಿಲ್ಲ: 6 ಗೆಲುವು ಪಡೆದವರಿಗೆ ಪಟ್ಟವೆಂದು 1984ರಲ್ಲಿ ಆರಂಭವಾದ ಕಾರ್ಪೋವ್–ಕಾಸ್ಪರೋವ್ ಸೆಣಸಾಟದ 48 ಆಟಗಳಲ್ಲಿ 40 ಡ್ರಾ ಆಗಿ, 1985ರ ಫೆಬ್ರುವರಿಯಲ್ಲಿ ಅದನ್ನು ತೀರ್ಮಾನವಿಲ್ಲದೆ ನಿಲ್ಲಿಸಬೇಕಾಯಿತು.

ಅರ್ಧ ಅಂಕವು ಇಬ್ಬರಿಗೂ ಸಮಾನವೆಂಬ ಈ ತಿಳಿವಳಿಕೆಯನ್ನು ಬದಲಿಸಿದವರು ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾದ್ ಇಲೊ. ಅವರು ರೂಪಿಸಿದ ರೇಟಿಂಗ್, ಅಂದರೆ ಆಟಗಾರನ ಬಲವನ್ನು ಸಂಖ್ಯೆಯಲ್ಲಿ ಸೂಚಿಸುವ ಕ್ರಮ, 1960ರಲ್ಲಿ ಅಮೆರಿಕದ ಚದುರಂಗ ಒಕ್ಕೂಟದಲ್ಲಿ ಜಾರಿಗೆ ಬಂದಿತು. 1970ರಲ್ಲಿ ವಿಶ್ವ ಚದುರಂಗ ಸಂಸ್ಥೆಯಾದ ಫಿಡೆ ಅದನ್ನು ಒಪ್ಪಿಕೊಂಡಿತು. ಇಬ್ಬರ ರೇಟಿಂಗ್‌ಗಳ ಅಂತರದಿಂದ ಪ್ರತಿಯೊಬ್ಬರೂ ಸರಾಸರಿ ಎಷ್ಟು ಅಂಕ ಗಳಿಸಬೇಕೆಂದು ಮೊದಲೇ ಲೆಕ್ಕಹಾಕಿ, ನಿಜವಾಗಿ ಬಂದ ಅಂಕವು ಆ ನಿರೀಕ್ಷೆಗಿಂತ ಹೆಚ್ಚೋ ಕಡಿಮೆಯೋ ಎಂಬುದರ ಮೇಲೆ ರೇಟಿಂಗನ್ನು ಏರಿಸುವುದು ಅಥವಾ ಇಳಿಸುವುದು ಇದರ ತಿರುಳು. ಉದಾಹರಣೆಗೆ, 2200 ರೇಟಿಂಗ್‌ನವರು 2000ದವರ ಎದುರು 0.76 ಅಂಕ ಗಳಿಸಬೇಕೆಂಬುದು ನಿರೀಕ್ಷೆ. ಆಟ ಡ್ರಾ ಆದರೆ ಕೊರತೆಯಾಗುವ 0.26ನ್ನು ಬದಲಾವಣೆಯ ಪ್ರಮಾಣವನ್ನು ನಿಗದಿಪಡಿಸುವ ಗುಣಕದಿಂದ ಗುಣಿಸಲಾಗುತ್ತದೆ. ಆ ಗುಣಕ ಇಬ್ಬರಿಗೂ 20 ಇದ್ದಲ್ಲಿ ಬಲಿಷ್ಠರು 5.2 ಅಂಶ ಕಳೆದುಕೊಳ್ಳುತ್ತಾರೆ, ಎದುರಾಳಿ ಅಷ್ಟನ್ನೇ ಪಡೆಯುತ್ತಾರೆ. ಹೀಗೆ ಪಂದ್ಯಾವಳಿಯ ಪಟ್ಟಿಯಲ್ಲಿ ಸಮವಾಗಿ ಕಾಣುವ ಫಲಿತಾಂಶವು ರೇಟಿಂಗ್ ಪಟ್ಟಿಯಲ್ಲಿ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟವಾಗುತ್ತದೆ.

ಆದರೂ ಡ್ರಾದ ಬೆಲೆ ಲೆಕ್ಕಕ್ಕಷ್ಟೇ ಸೀಮಿತವಲ್ಲ. 2004ರ ಮಾರ್ಚ್‌ನಲ್ಲಿ ಐಸ್ಲೆಂಡಿನ ರೇಕ್ಯಾವಿಕ್‌ನಲ್ಲಿ 13 ವರ್ಷದ ಮ್ಯಾಗ್ನಸ್ ಕಾರ್ಲ್‌ಸನ್, ರೇಟಿಂಗ್‌ನಲ್ಲಿ ತನಗಿಂತ 300ಕ್ಕೂ ಹೆಚ್ಚು ಅಂಶ ಮುಂದಿದ್ದ ಗ್ಯಾರಿ ಕಾಸ್ಪರೋವ್ ಎದುರು ಒಂದು ಹಂತದಲ್ಲಿ ಮೇಲುಗೈಯನ್ನೂ ಸಾಧಿಸಿ ಡ್ರಾ ಮಾಡಿಕೊಂಡರು. ಅದು ಕಡಿಮೆ ಅವಧಿಯ ರ‍್ಯಾಪಿಡ್ ಆಟವಾದ್ದರಿಂದ ಫಿಡೆಯ ಅಂದಿನ ರೇಟಿಂಗ್ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿರಲಿಲ್ಲ; ಎರಡನೆಯ ಆಟವನ್ನು ಕಾಸ್ಪರೋವ್ ಗೆದ್ದುದರಿಂದ ಕಾರ್ಲ್‌ಸನ್ ಆ ಸುತ್ತಿನಲ್ಲೇ ಹೊರಬಿದ್ದರು. ಆದರೆ ಚದುರಂಗದ ಚರಿತ್ರೆ ಉಳಿಸಿಕೊಂಡದ್ದು ಆ ಗೆಲುವನ್ನಲ್ಲ, ಅದರ ಹಿಂದಿನ ಡ್ರಾವನ್ನು.