ಗಪ್ಪಿ ಮೀನು: ಮರಿಗಳ ತಂದೆ ಯಾರೆಂಬುದನ್ನು ಹೆಣ್ಣೂ ನಿರ್ಧರಿಸುತ್ತದೆ

ವಿಶ್ರಾಮಬಾಗ: ಕನ್ನಡಿಗರೂ ಮರಾಠಿಗರೂ ಒಂದೇ ಹೆಸರಿನಿಂದ ಕರೆಯುವ ಮೀನು ಗಪ್ಪಿ. ಇದು ಸೊಳ್ಳೆಯ ಮರಿಹುಳುಗಳನ್ನು ತಿನ್ನುವುದರಿಂದ ಮಹಾರಾಷ್ಟ್ರ ಮತ್ತು ಕರ್ನಾಟಕದ ಆರೋಗ್ಯ ಇಲಾಖೆಗಳು ಇದನ್ನು ನಿಂತ ನೀರಿಗೆ ಬಿಡುತ್ತ ಬಂದಿವೆ. 2005, 2019 ಮತ್ತು 2021ರಲ್ಲಿ ಕೃಷ್ಣೆಯ ಮಹಾಪೂರ ಕಂಡ ಸಾಂಗಲಿ-ಮಿರಜ ಭಾಗಕ್ಕೆ ಸೊಳ್ಳೆ ಕಾಟ ಹೊಸದಲ್ಲ.

ಮೂಲ: ಗಪ್ಪಿಯ ತವರು ದಕ್ಷಿಣ ಅಮೆರಿಕದ ಈಶಾನ್ಯ ಭಾಗ ಮತ್ತು ಟ್ರಿನಿಡಾಡ್ ದ್ವೀಪ. ಭಾರತಕ್ಕೆ ಬಂದದ್ದು 1908ರ ಸುಮಾರಿಗೆ. ಗಂಡು ಚಿಕ್ಕದು, ಬಣ್ಣದ್ದು. ಹೆಣ್ಣು ದೊಡ್ಡದು, ಬೂದು ಬಣ್ಣದ್ದು.

ಸಂತಾನ: ರೋಹು, ಕಟ್ಲಾ ಮೀನುಗಳು ಮೊಟ್ಟೆ ಮತ್ತು ವೀರ್ಯವನ್ನು ನೀರಿಗೇ ಬಿಡುತ್ತವೆ. ಗಪ್ಪಿಯಲ್ಲಿ ಗರ್ಭಧಾರಣೆ ಹೆಣ್ಣಿನ ದೇಹದೊಳಗೆ ನಡೆದು, ಸುಮಾರು ನಾಲ್ಕು ವಾರಕ್ಕೊಮ್ಮೆ ಜೀವಂತ ಮರಿಗಳು ಹುಟ್ಟುತ್ತವೆ. ಹೆಣ್ಣು ಹಲವು ಗಂಡುಗಳೊಡನೆ ಕೂಡುತ್ತದೆ. ವೀರ್ಯವನ್ನು ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ. ಹೀಗಾಗಿ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರಬಹುದು.

ಆಯ್ಕೆ ಹೇಗೆ?: ಮೊದಲನೆಯದು, ಕೂಡುವ ಹೊತ್ತಿನಲ್ಲಿ. ಹೆಚ್ಚು ಬಣ್ಣದ ಗಂಡಿನೊಡನೆ ಹೆಣ್ಣು ಹೆಚ್ಚು ಹೊತ್ತು ಕೂಡುತ್ತದೆ, ಅದರಿಂದ ಹೆಚ್ಚು ವೀರ್ಯ ಪಡೆಯುತ್ತದೆ. ಎರಡನೆಯದು, ಕೂಡಿದ ಮೇಲೆ. ಇಟಲಿಯ ಪಡುವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಡಹುಟ್ಟಿದ ಗಂಡಿನ ಮತ್ತು ಸಂಬಂಧವಿಲ್ಲದ ಗಂಡಿನ ವೀರ್ಯವನ್ನು ಸಮಪ್ರಮಾಣದಲ್ಲಿ ಹೆಣ್ಣಿಗೆ ಸೇರಿಸಿದರು. ಹೆಚ್ಚು ಮರಿಗಳು ಹುಟ್ಟಿದ್ದು ಸಂಬಂಧವಿಲ್ಲದ ಗಂಡಿನಿಂದ. ಹೆಣ್ಣಿನ ಅಂಡಾಶಯದ ದ್ರವದಲ್ಲಿ ಅಣ್ಣತಮ್ಮಂದಿರ ವೀರ್ಯಾಣುಗಳ ಈಜು ನಿಧಾನವಾಗುವುದೇ ಇದಕ್ಕೆ ಕಾರಣವೆಂದು ಕಂಡುಬಂತು.

ನೀರಿನಲ್ಲಿ ಮೊಟ್ಟೆಯಿಡುವ ಮೀನುಗಳಲ್ಲೂ ಇಂಥದ್ದುಂಟು. ಸಾಲ್ಮನ್ ಮತ್ತು ಟ್ರೌಟ್ ಮೀನುಗಳ ಮೊಟ್ಟೆಯ ಸುತ್ತಲಿನ ದ್ರವ ತನ್ನ ಜಾತಿಯ ವೀರ್ಯಾಣುವಿಗೇ ಅನುಕೂಲವಾಗಿರುತ್ತದೆ.

ಸಾಕುವವರ ಗಮನಕ್ಕೆ: ಹೆಣ್ಣು ಆರಿಸಬೇಕಾದರೆ ಆರಿಸಲು ಬೇರೆ ಗಂಡುಗಳಿರಬೇಕು. ಒಂದೇ ಜೋಡಿಯಿಂದ ತುಂಬಿದ ಟಾಕಿಯಲ್ಲಿ ಇರುವವೆಲ್ಲ ಒಡಹುಟ್ಟುಗಳೇ. ಅಲ್ಲಿ ಈ ಕಾವಲು ಕೆಲಸಕ್ಕೆ ಬಾರದು, ತಲೆಮಾರು ಕಳೆದಂತೆ ಸಂತಾನ ಸೊರಗಬಹುದು. ಆದ್ದರಿಂದ ಆಗಾಗ ಬೇರೆ ಊರಿನ ಟಾಕಿಯಿಂದ ಕೆಲವು ಮೀನು ತಂದು ಸೇರಿಸುವುದು ಒಳ್ಳೆಯದು.

ಆದರೆ ಕೆರೆ, ಹಳ್ಳ, ಹೊಳೆಗೆ ಗಪ್ಪಿ ಬಿಡಬಾರದು. ವೀರ್ಯ ಕೂಡಿಟ್ಟುಕೊಂಡ ಒಂದೇ ಹೆಣ್ಣು ಹೊಸ ಸಂತತಿ ಬೆಳೆಸಬಲ್ಲದು. ಅದು ಅಲ್ಲಿಯ ನಾಟಿ ಮೀನುಗಳಿಗೆ ಕಂಟಕವಾದೀತು.