"ನಮ್ಮ ಕಾಲ್ದಲ್ಲಿ ಜಾತಿಯೇ ಇರ್ಲಿಲ್ಲ ಬಿಡು"

ಮೊನ್ನೆ ಭಾನುವಾರ ಮೈಸೂರಲ್ಲಿ ನಮ್ಮ ಬಿ.ಎ. ಬ್ಯಾಚಿನವರೆಲ್ಲ ಸೇರಿದ್ವಿ. 1988ರಲ್ಲಿ ಕಾಲೇಜು ಸೇರಿ 1991ರಲ್ಲಿ ಹೊರಬಿದ್ದವರು. ತಲೆ ನರೆತಿದೆ, ಹೊಟ್ಟೆ ಬಂದಿದೆ, ಬಿಪಿ ಮಾತ್ರೆ ಎಲ್ಲರ ಜೇಬಲ್ಲೂ ಇದೆ. ನಕ್ವಿ, ಸತ್ತುಹೋದ ಮೇಷ್ಟ್ರುಗಳನ್ನ ನೆನೆಸ್ಕೊಂಡ್ವಿ. ಊಟದ ಹೊತ್ತಿಗೆ ಒಬ್ಬ ಗೆಳೆಯ ಹೇಳಿದ: "ನಮ್ಮ ಕಾಲ್ದಲ್ಲಿ ಜಾತಿಯೇ ಇರ್ಲಿಲ್ಲ ಬಿಡು. ಇವಾಗ್ಲೇ ಎಲ್ಲಾ ಕೆಟ್ಟೋಗಿರೋದು." ಸುತ್ತ ಇದ್ದವರು ಹೌದೌದು ಅಂದ್ರು. ಹಾಸ್ಟೆಲ್ಲಿಂದ ಬಂದಿದ್ದ ನಾವು ನಾಲ್ಕು ಜನ ಮಾತ್ರ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ.

ಅಲ್ಲಿ ಹೇಳಲಾಗದ್ದನ್ನ ಇಲ್ಲಿ ಬರೀತಿದ್ದೀನಿ.

ನಾವು ಆ ಕ್ಲಾಸಲ್ಲಿ ಕೂತಿದ್ದೇ ಒಂದು ಚರಿತ್ರೆ. ಬಾಬಾಸಾಹೇಬರು 1942ರಲ್ಲಿ ವೈಸ್‌ರಾಯ್ ಕೌನ್ಸಿಲ್ ಸೇರಿದ ಮೇಲೆ ನಮ್ಮ ಮಕ್ಕಳ ಉನ್ನತ ಶಿಕ್ಷಣಕ್ಕೆ ಹಣ ಕೊಡಿ ಅಂತ ಪಟ್ಟು ಹಿಡಿದರು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯ್ತು. ನನ್ನಪ್ಪ ಹೆಬ್ಬೆಟ್ಟು. ನಾನು ಕಾಲೇಜು ಮೆಟ್ಟಿಲು ಹತ್ತಿದ್ದು ಆ ದುಡ್ಡಿನಿಂದ. ಆದರೆ ಅದು ಬರ್ತಿದ್ದದ್ದು ವರ್ಷದ ಕೊನೆಗೆ. ಬಂದಾಗ ಗುಮಾಸ್ತ ಕ್ಲಾಸಿಗೇ ಬಂದು "ಎಸ್ಸಿ ಹುಡುಗ್ರು ಎದ್ದೇಳ್ರೋ" ಅಂತ ಹೆಸರು ಕೂಗೋನು. ಆ ಗೆಳೆಯನಿಗೆ ಜಾತಿ ಕಾಣಲಿಲ್ಲ ಯಾಕಂದ್ರೆ ಅವನು ಯಾವತ್ತೂ ಎದ್ದು ನಿಲ್ಲಬೇಕಾಗಿರಲಿಲ್ಲ.

ಹಾಸ್ಟೆಲ್ಲಿಗೂ ಒಂದು ಚರಿತ್ರೆ ಇತ್ತು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಇದೇ ಮೈಸೂರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ರಾಜ್ಯ ಹೊತ್ತಿ ಉರೀತು. ಮಾತಾಡಿದ್ದು ಮಂತ್ರಿ, ಒದೆ ತಿಂದವರು ದಲಿತ ವಿದ್ಯಾರ್ಥಿಗಳು. ಅವರ ಮಂತ್ರಿ ಪದವಿಯೂ ಹೋಯ್ತು. ಆದರೆ ಏಟು ತಿಂದ ಆ ತಲೆಮಾರೇ ಎದ್ದು ನಿಂತಿತು. ಪ್ರೊ. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ದಲಿಂಗಯ್ಯ ಇವರೆಲ್ಲ ಕಟ್ಟಿದ ದಲಿತ ಸಂಘರ್ಷ ಸಮಿತಿಯ ಹಿಂದೆ ಆ ಏಟುಗಳಿವೆ. ನಮಗೆ ಇದನ್ನ ಹೇಳಿದ್ದು ಯಾವ ಪಠ್ಯವೂ ಅಲ್ಲ. ರಾತ್ರಿ ಮುದ್ದೆ ಉಂಡು ಹಾಸ್ಟೆಲ್ ಜಗುಲಿ ಮೇಲೆ ಕೂತಾಗ ಸೀನಿಯರ್ ಅಣ್ಣಂದಿರು ಹೇಳಿದ್ದು.

ನಾವು ಫೈನಲ್ ಇಯರಿಗೆ ಬಂದಾಗ ಮಂಡಲ್ ಬಂತು. 1990ರ ಆಗಸ್ಟ್ 7ಕ್ಕೆ ವಿ.ಪಿ. ಸಿಂಗ್ ಘೋಷಣೆ ಮಾಡಿದ್ರು. ಕೇಂದ್ರದ ಕೆಲಸಗಳಲ್ಲಿ ಹಿಂದುಳಿದ ವರ್ಗಗಳಿಗೆ 27 ಪರ್ಸೆಂಟ್. ಅದರಿಂದ ನಮಗೆ ಒಂದು ಕೆಲಸವೂ ಹೆಚ್ಚಿಗೆ ಸಿಗ್ತಿರಲಿಲ್ಲ, ನಮ್ಮ ಮೀಸಲಾತಿ ಮೊದಲಿಂದಲೇ ಇತ್ತು. ಆದರೂ ಮೆರವಣಿಗೆ ಬಂದು ನಿಂತು ಕೂಗಿದ್ದು ನಮ್ಮ ಹಾಸ್ಟೆಲ್ ಮುಂದೆ. ಮುಂದೆ ನಿಂತವನು ಒಬ್ಬ ಹಿಂದುಳಿದ ಜಾತಿಯ ಹುಡುಗ. ಅವನ ಅಣ್ಣ ಮೇಷ್ಟ್ರಾಗಿದ್ದೇ ದೇವರಾಜ ಅರಸರ ಕಾಲದಲ್ಲಿ ಹಾವನೂರು ವರದಿ ಜಾರಿಯಾಗಿದ್ದರಿಂದ.

ಅವನೂ ಮೊನ್ನೆ ಬಂದಿದ್ದ. ಮಗಳು 2ಎ ಕೋಟಾದಲ್ಲಿ ಮೆಡಿಕಲ್ ಓದ್ತಿದ್ದಾಳೆ. ಕೈ ತೊಳೆಯೋ ಕಡೆ ಸಿಕ್ಕಿ, "ಅವತ್ತು ನಂಗೆ ಗೊತ್ತಾಗ್ಲಿಲ್ಲ ಕಣೋ" ಅಂದ. ಅಷ್ಟೇ. ಅಷ್ಟಾದರೂ ಅಂದ. ನನಗೆ ಅವನ ಮೇಲಿದ್ದ ಸಿಟ್ಟು ಅಲ್ಲೇ ಇಳೀತು.

"ಜಾತಿಯೇ ಇರ್ಲಿಲ್ಲ" ಅಂದವನ ಮಗ ಇಡಬ್ಲ್ಯೂಎಸ್ ಕೋಟಾದಲ್ಲಿ ಕೇಂದ್ರದ ಒಂದು ಸಂಸ್ಥೆ ಸೇರಿದ್ದಾನೆ. 2019ರಲ್ಲಿ ಸಂವಿಧಾನ ತಿದ್ದಿ ಕೊಟ್ಟ 10 ಪರ್ಸೆಂಟ್ ಅದು. ಬಡವರ ಮೀಸಲಾತಿ ಅಂತಾರೆ, ಆದರೆ ಎಸ್ಸಿ, ಎಸ್ಟಿ, ಒಬಿಸಿ ಬಡವರಿಗೆ ಅದರಲ್ಲಿ ಜಾಗ ಇಲ್ಲ. ಅಲ್ಲಿ ವರ್ಷಕ್ಕೆ 8 ಲಕ್ಷದೊಳಗಿನ ಆದಾಯ ಇದ್ರೆ ಬಡವ. ನಮ್ಮ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಬೇಕಂದ್ರೆ ಮಿತಿ ಎರಡೂವರೆ ಲಕ್ಷ. ಬಡತನದ ಅಳತೆಗೋಲಿಗೂ ಜಾತಿ ಇದೆ ಸ್ವಾಮಿ. ಆ ಹುಡುಗ ಓದಲಿ, ಚೆನ್ನಾಗಿರಲಿ. ಅವನಪ್ಪ ಮಾತ್ರ ಇನ್ಮೇಲೆ ಮೆರಿಟ್ ಪಾಠ ಹೇಳಬಾರದು.

ಕೊನೆಗೆ ಯಾರೋ ಫೈನಲ್ ಇಯರ್ ಗ್ರೂಪ್ ಫೋಟೋ ತೋರಿಸಿದ್ರು. ಎಲ್ಲರೂ ತಮ್ಮ ತಮ್ಮ ಮುಖ ಹುಡುಕಿದ್ರು. ನಾನು ಹುಡುಕಿದ್ದು ನನ್ನ ರೂಮ್‌ಮೇಟನ್ನ. ಚರಿತ್ರೆಯಲ್ಲಿ ನಮಗೆಲ್ಲ ಮುಂದಿದ್ದವನು. ಫೋಟೋದಲ್ಲಿ ಅವನಿಲ್ಲ. ವಾಟ್ಸಪ್ ಗ್ರೂಪಿನಲ್ಲೂ ಇಲ್ಲ.

ಮಾರನೇ ದಿನ ನಂಜನಗೂಡಿನ ಕಡೆ ಅವನೂರಿಗೆ ಹೋದೆ. ಗಾರೆ ಕೆಲಸ ಮುಗಿಸಿ ಬಂದು ಕೈ ತೊಳೀತಿದ್ದ. ಫೋಟೋ ತೋರಿಸಿದೆ. "ಫೋಟೋಗೆ ಕಾಸು ಕಟ್ಟಿರ್ಲಿಲ್ಲ ಕಣ್ಲಾ. ಪರೀಕ್ಷೆ ಫೀಸಿಗೇ ಇರ್ಲಿಲ್ಲ, ಸ್ಕಾಲರ್‌ಶಿಪ್ ಬರೋ ಹೊತ್ಗೆ ಡೇಟ್ ಮುಗ್ದಿತ್ತು" ಅಂದ. ಅದು ನನಗೆ ಅವತ್ತೇ ಗೊತ್ತಿತ್ತು. ನಾನು ನನ್ನ ಫೀಸು ಕಟ್ಟಿ ಸುಮ್ಮನಿದ್ದೆ. ಇಷ್ಟು ವರ್ಷ ಅವನನ್ನ ನೋಡೋಕೆ ಹೋಗದೇ ಇದ್ದಿದ್ದಕ್ಕೆ ಅದೇ ಕಾರಣ. ಅವನ ಮೊಮ್ಮಗಳು ಹೈಸ್ಕೂಲಲ್ಲಿ ಓದ್ತಿದ್ದಾಳೆ. ಅವಳ ಸಮಾಜ ಪುಸ್ತಕ ತೆಗೆದು ಅವನು ಅದರಲ್ಲಿದ್ದ ತಪ್ಪು ತೋರಿಸಿದ!

ಗೆಳೆಯರೇ, ಈಗಲೂ ಸ್ಕಾಲರ್‌ಶಿಪ್ ತಡವಾಗಿ ಬರುತ್ತೆ. ನಿಮ್ಮೂರಿನ ಹಾಸ್ಟೆಲ್ಲಿಗೆ ಈ ತಿಂಗಳು ಒಂದ್ಸಲ ಹೋಗಿ, ಪರೀಕ್ಷೆ ಫೀಸು ಕಟ್ಟದೇ ಉಳಿದಿರೋರು ಯಾರು ಅಂತ ಕೇಳಿ. ನಿಮ್ಮ ಬ್ಯಾಚಿನ ಫೋಟೋದಲ್ಲಿ ಇಲ್ಲದವರನ್ನ ಹುಡುಕಿ, ಅವರ ಮಾತು ಬರೆದಿಡಿ. ನಮ್ಮ ಚರಿತ್ರೆಯನ್ನ ನಾವು ಬರೀದಿದ್ರೆ "ಜಾತಿಯೇ ಇರ್ಲಿಲ್ಲ" ಅನ್ನೋದೇ ಚರಿತ್ರೆ ಆಗುತ್ತೆ.

ಜೈ ಭೀಮ್.